ಓಚ್ಚಮ್ಮಾಳ್ ಮಾರಿದ ಕರಿ ಕತ್ತಿಗಳು

ಪಾಂಡಿ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಅವನ ತಾಯಿ ತಂಗಮ್ಮಾಳ್, ಹೆಂಡತಿ ಓಚ್ಚಮ್ಮಾಳ್ ಮತ್ತು ಅರವತ್ತನಾಲ್ಕು ಮಡಚುವ ಕತ್ತಿಗಳಿದ್ದ ಒಂದು ತಗಡಿನ ಪೆಟ್ಟಿಗೆ. ಅದು 1893ರ ಬೇಸಿಗೆ. ಮೇಲೆ ಬೆಟ್ಟದಲ್ಲಿ ಪೆರಿಯಾರ್ ಅಣೆಕಟ್ಟೆ ಏಳುತ್ತಿತ್ತು. ಕಂಬಂ ಕಣಿವೆಯ ಗಾಡಿಗಳೆಲ್ಲ ಅಕ್ಕಿ, ಸುಣ್ಣ ಹೇರಿಕೊಂಡು ಗೂಡಲೂರಿನ ಮೇಲಿನ ಘಾಟಿಯತ್ತ ಹೋಗುತ್ತಿದ್ದವು. ಪಾಂಡಿಯದೂ ಅಂಥದೇ ಒಂದು ಗಾಡಿ. ಸರಕು ತರಲು ದಿಂಡಿಗಲ್ಲಿಗೆ ಹೋದಾಗಲೆಲ್ಲ ಅವನು ಒಂದಿಷ್ಟು ಕತ್ತಿಗಳನ್ನು ಕೊಂಡು ತಂದು ಕೂಲಿಗಳಿಗೂ ಸಂತೆಯಲ್ಲಿ ರೈತರಿಗೂ ಮಾರುತ್ತಿದ್ದ. ಬೆಟ್ಟದ ಜ್ವರ ಒಂಬತ್ತು ದಿನದಲ್ಲಿ ಅವನನ್ನು ಮುಗಿಸಿತು. ಗಾಡಿ, ಎತ್ತು ಔಷಧಿಗೂ ತಿಥಿಗೂ ಹೋದವು.

ಹದಿನಾರನೆಯ ದಿನ ವೇದಸಂದೂರಿನಿಂದ ಓಚ್ಚಮ್ಮಾಳಿನ ಅಣ್ಣ ಕಾಮರಾಜ್ ಬಂದ. ಮಕ್ಕಳಿಲ್ಲದ ತಂಗಿಯನ್ನು ಕರೆದುಕೊಂಡು ಹೋಗುವುದು ತನ್ನ ಕೆಲಸವೆಂದು ಅವನು ಮೊದಲೇ ನಿರ್ಧರಿಸಿಕೊಂಡು ಬಂದಿದ್ದ.

"ನಮ್ಮನೆಲಿ ನಾಕು ಹಸು ಐತೆ, ಅತ್ತಿಗೆಗೆ ಒಂದು ಕೈ ಬೇಕು. ಬಾ ತಂಗಚ್ಚಿ, ಊಟಕ್ಕೆ ಕೊರೆ ಇಲ್ಲೆ," ಅಂದ.

ಓಚ್ಚಮ್ಮಾಳಿಗೆ ಆಗ ಮೂವತ್ತೊಂದು ವರ್ಷ. ಅಣ್ಣನ ಮನೆಯಲ್ಲಿ ಊಟಕ್ಕೆ ಕೊರತೆ ಇರಲಾರದು ಎಂಬುದು ಅವಳಿಗೂ ಗೊತ್ತಿತ್ತು. ಅತ್ತಿಗೆಯ ಅಡುಗೆಮನೆಯಲ್ಲಿ ಸಾಯುವ ತನಕ ಆ ಒಂದು ಕೈಯಾಗಿ ಇರಬೇಕಾಗುತ್ತದೆ ಎಂಬುದೂ ಗೊತ್ತಿತ್ತು.

"ಅವರು ಮಾರ್ತಿದ್ದ ಕತ್ತಿ ನಾನೂ ಮಾರ್ತೀನಿ ಅಣ್ಣ," ಅಂದಳು.

ಮಾತು ಕುಲದ ಹಿರಿಯ ಗೋವಿಂದನ್ ಹತ್ತಿರ ಹೋಯಿತು. ಆ ಕಣಿವೆಯ ಕನ್ನಡ ಮಾತಿನ ಒಕ್ಕಲು ಮನೆಗಳಿಗೆಲ್ಲ ಅವನು ಹೇಳಿದ್ದೇ ಕೊನೆ. ತಮ್ಮ ಕುಲದ ಹೆಣ್ಣು ಸಂತೆಯಲ್ಲಿ ಚಾಪೆ ಹಾಸಿ ಕೂರುವುದು ಅವನಿಗೆ ಹಿಡಿಸಲಿಲ್ಲ. ಆದರೂ ಸತ್ತವನ ಸರಕು ಕೊಳೆಯಬಾರದು ಎಂದು ಒಂದು ಗಡುವು ಕೊಟ್ಟ. ಸಂಕ್ರಾಂತಿಗೆ ತೈ ತಿಂಗಳು ಹುಟ್ಟುವುದರೊಳಗೆ ಪೆಟ್ಟಿಗೆ ಖಾಲಿಯಾಗಿ, ಮನೆಯಲ್ಲಿ ಒಂದು ವರ್ಷದ ಕಾಳು ಕೂಡಿರಬೇಕು. ಇಲ್ಲವಾದರೆ ಹೆಣ್ಣು ವೇದಸಂದೂರಿಗೆ, ಮುದುಕಿ ತಂಗಮ್ಮಾಳ್ ಗೋವಿಂದನ ಮನೆಗೆ.

ಓಚ್ಚಮ್ಮಾಳಿಗೆ ಕತ್ತಿಯ ವಿಷಯ ಏನೂ ತಿಳಿದಿರಲಿಲ್ಲ. ಪೆಟ್ಟಿಗೆಯಲ್ಲಿ ಎರಡು ಜಾತಿ ಇದ್ದವು. ಇಪ್ಪತ್ತು ಕತ್ತಿಗಳು ಹಡಗಿನಲ್ಲಿ ಬಂದವು. ಬಿಳಿ ಹಿಡಿ, ಕನ್ನಡಿಯಂಥ ಅಲಗು, ಅಲಗಿನ ಬುಡದಲ್ಲಿ ಒಂದು ಹಡಗಿನ ಮುದ್ರೆ. ಅವುಗಳಿಗೆ ಪಾಂಡಿ ಹತ್ತಾಣೆ ಹೇಳುತ್ತಿದ್ದ. ಉಳಿದ ನಲವತ್ತನಾಲ್ಕು ದಿಂಡಿಗಲ್ಲಿನವು. ಅಲ್ಲಿ ಬೀಗ ಮಾಡುವವರ ಬೀದಿಯಲ್ಲಿ ಅಯ್ಯನಾರ್ ಎಂಬ ಕಮ್ಮಾರ ಮಾಡಿದ್ದು; ಎಮ್ಮೆಕೊಂಬಿನ ಕರಿ ಹಿಡಿ, ಮೂರು ಹಿತ್ತಾಳೆ ಮೊಳೆ, ಅಲಗಿನ ಮೇಲೆ ಯಾವ ಗುರುತೂ ಇಲ್ಲ. ಅದಕ್ಕೆ ಆರಾಣೆ.

ಕೊಳ್ಳುವವರಿಗೂ ತನಗಿಂತ ಹೆಚ್ಚು ತಿಳಿದಿಲ್ಲ ಎಂಬುದು ಅವಳಿಗೆ ಮೂರನೆಯ ಸಂತೆಯ ಹೊತ್ತಿಗೆ ಅರ್ಥವಾಯಿತು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಡುವ ವಾಡಿಕೆ ಇಲ್ಲವಾದ್ದರಿಂದ ಅವಳು ಕತ್ತಿಯನ್ನು ಚಾಪೆಯ ಮೇಲೆ ಇಡುತ್ತಿದ್ದಳು, ಅವರು ಎತ್ತಿಕೊಳ್ಳುತ್ತಿದ್ದರು. ಆಮೇಲೆ ಒಬ್ಬೊಬ್ಬರದು ಒಂದೊಂದು ಪರೀಕ್ಷೆ. ಎಲೆಯಡಿಕೆ ಹಾಕುವವರು ಕತ್ತಿಯನ್ನು ಕಿವಿಯ ಹತ್ತಿರ ಹಿಡಿದು ಮಡಚಿ "ಟಕ್" ಎನ್ನುವ ಸದ್ದು ಕೇಳುತ್ತಿದ್ದರು. ಕುರಿ ಕಾಯುವವರು ಮುಂಗೈಯ ಕೂದಲು ಬೋಳಿಸಿ ನೋಡುತ್ತಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಅಲಗನ್ನು ಮುಟ್ಟಲೇ ಇಲ್ಲ, ಮುದ್ರೆಯನ್ನು ಮಾತ್ರ ಕನ್ನಡಕ ಮೇಲೆತ್ತಿ ಓದಿದರು. ಹೊಗೆಸೊಪ್ಪಿನ ರೈತರು ಅಂಗೈಯಲ್ಲಿ ತೂಗಿ, ಭಾರವಿದ್ದದ್ದು ಒಳ್ಳೆಯದು ಅನ್ನುತ್ತಿದ್ದರು. ಯಾರೂ ಬಿಡದೆ ಮಾಡುತ್ತಿದ್ದ ಪರೀಕ್ಷೆ ಒಂದೇ, ವಿಲೆ ಕೇಳುವುದು.

"ಇದೆಷ್ಟಮ್ಮ ವಿಲೆ?"

"ಆರಾಣೆ."

"ಅದು?"

"ಹತ್ತಾಣೆ."

"ಹಾಗಾದ್ರೆ ಅದೇ ಒಳ್ಳೇದು. ನಾಕಾಣೆ ಸುಮ್ನೆ ಜಾಸ್ತಿ ಹೇಳ್ತಾರಾ?"

ಗೋವಿಂದನ್ ತಾನೇ ಒಂದು ಸಂತೆಯ ದಿನ ಬಂದು ಹಡಗಿನ ಕತ್ತಿ ಕೊಂಡ. ಬಿಸಿಲಿಗೆ ಹಿಡಿದು ಅಲಗಿನಲ್ಲಿ ಮೀಸೆ ನೋಡಿಕೊಂಡು, ಸುತ್ತ ನಿಂತವರಿಗೆ ಕೇಳುವಂತೆ, "ಆರಾಣೆ ಕತ್ತಿ ಆರು ತಿಂಗಳು ಕಂಡ್ರಾ. ಕೊಂಡ್ರೆ ಇಂಥದು ಕೊಳ್ಳಬೇಕು," ಅಂದ.

ಓಚ್ಚಮ್ಮಾಳ್ ದಿಂಡಿಗಲ್ಲಿನ ಕತ್ತಿಗೂ ಒಂಬತ್ತಾಣೆ ಹೇಳಿ ನೋಡಿದಳು. ಅಚ್ಚರಿ ಎಂದರೆ, ಆರಾಣೆಗೆ ತಿರುಗಿಯೂ ನೋಡದಿದ್ದವರು ಒಂಬತ್ತಾಣೆಗೆ ಎತ್ತಿ ನೋಡಿದರು, ಆರು ಕತ್ತಿ ಹೋದವು. ಅಷ್ಟರಲ್ಲಿ ಹಡಗಿನವು ಹದಿನಾಲ್ಕು ಹೋಗಿದ್ದವು. ಆದರೆ ಹೋದ ಹದಿನಾಲ್ಕರಲ್ಲಿ ನಾಲ್ಕು ತಿರುಗಿ ಬಂದವು. ಒಂದರ ಅಲಗು ಬಾಗಿತ್ತು, ಎರಡರ ಅಲಗಿನ ಬಾಯಿ ಮಡಚಿಕೊಂಡಿತ್ತು, ಒಂದರ ಬೆನ್ನಿನ ಪಟ್ಟಿ ಬಿಗಿ ಕಳೆದುಕೊಂಡು ಅಲಗು ಬಾಗಿಲಿನಂತೆ ಅತ್ತಿತ್ತ ಆಡುತ್ತಿತ್ತು. ಅವಳು ಕೆಟ್ಟವನ್ನು ಹಳೆ ಕಬ್ಬಿಣಕ್ಕೆ ಹಾಕಿ, ನಾಲ್ವರಿಗೂ ಬದಲಿಗೆ ಕರಿ ಹಿಡಿಯದನ್ನು ಕೊಟ್ಟು ಕಳಿಸಿದಳು. ಅವು ಒಂದೂ ತಿರುಗಿ ಬರಲಿಲ್ಲ. ಕಲಿತದ್ದು ಅಷ್ಟೇ, ಆದರೆ ಅದು ಸಣ್ಣದೇನಲ್ಲ ಎಂದು ಅವಳಿಗೆ ಅನಿಸಿತು.

ಆಯುಧಪೂಜೆ ಬಂತು. ಹಿಂದಿನ ಮಧ್ಯಾಹ್ನ ಓಚ್ಚಮ್ಮಾಳ್ ನೀರಿಗೆ ಹೋಗಿದ್ದಾಗ ತಂಗಮ್ಮಾಳ್ ಸೊಸೆಗೆ ನೆರವಾಗಲೆಂದು ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದು ತಂದಳು. ಹಬ್ಬಕ್ಕೆ ದೀಪ, ತಂಬಿಗೆ, ತಟ್ಟೆಗಳನ್ನು ಬೆಳಗುವ ಹಾಗೆಯೇ ಕತ್ತಿಗಳನ್ನೆಲ್ಲ ಬಿಚ್ಚಿ, ಹುಣಸೆ ಹಿಂಡಿ ಹಚ್ಚಿ, ನೆನೆಯಲು ಸಾಲಾಗಿ ಇಟ್ಟಳು. ನೆನೆದಷ್ಟೂ ಹೊಳೆಯುತ್ತದೆ ಎಂಬುದು ಅವಳ ಅರವತ್ತು ವರ್ಷದ ಅನುಭವ. ಹಿತ್ತಾಳೆಯ ವಿಷಯದಲ್ಲಿ ಅದು ನಿಜವೇ.

ಓಚ್ಚಮ್ಮಾಳ್ ಬಂದು ತೊಳೆದು ನೋಡಿದಾಗ ದಿಂಡಿಗಲ್ಲಿನ ಮೂವತ್ತನಾಲ್ಕು ಕತ್ತಿಗಳ ಅಲಗೂ ಮಳೆಮೋಡದ ಬಣ್ಣಕ್ಕೆ ತಿರುಗಿತ್ತು. ಕೆಲವು ಪೂರ್ತಿ ಕಪ್ಪು, ಕೆಲವು ಮಚ್ಚೆ ಮಚ್ಚೆ. ಹಡಗಿನ ಆರು ಮಾತ್ರ ಮೊದಲಿನಂತೆಯೇ ಹೊಳೆಯುತ್ತಿದ್ದವು.

"ಅಯ್ಯೋ, ಇದೇನ್ರಿ ಅತ್ತೆ ಮಾಡಿದ್ರಿ!"

"ನಾನೇನ್ ಮಾಡ್ದೆ? ದೀಪಕ್ಕೆ ಮಾಡಿದ್ದೇ ಮಾಡ್ದೆ," ಅಂದಳು ತಂಗಮ್ಮಾಳ್. ಆಮೇಲೆ ಆರು ಕತ್ತಿಗಳ ಕಡೆ ಕೈ ತೋರಿಸಿ, "ಒಳ್ಳೇದು ಒಳ್ಳೇದಾಗೇ ಐತೆ ನೋಡು. ಅದಕ್ಕೇ ಜನ ಅದನ್ನೇ ಕೇಳ್ತಾರೆ," ಅಂದಳು.

ಬೂದಿ ಹಚ್ಚಿದರು, ಇಟ್ಟಿಗೆಪುಡಿ ಹಚ್ಚಿದರು. ಕಪ್ಪು ಹೋಗಲಿಲ್ಲ. ಮುಂದಿನ ಸಂತೆಯಲ್ಲಿ ಜನ ಚಾಪೆಯ ಮುಂದೆ ನಿಂತು ನಕ್ಕು ಹೋದರು.

"ಯಾರ ಮನೆ ಸುಟ್ಟಾಗ ಎತ್ತಿದ್ದಮ್ಮ ಇವು?"

"ಪಾಂಡಿ ಮಾರ್ತಿದ್ದ ಹೊಸದು ಎಲ್ಲಿ ಹೋಯ್ತು? ಇದು ಅವರಪ್ಪನ ಕಾಲದ್ದು!"

ಮೂರು ಸಂತೆ ಹೀಗೇ ಕಳೆದವು. ಒಂದೂ ಹೋಗಲಿಲ್ಲ. ಕಾಮರಾಜ್ ಒಬ್ಬ ಗಾಡಿಯವನ ಬಾಯಲ್ಲಿ, ತೈಗೆ ಮುಂಚಿನ ಮಾರ್ಗಳಿಯ ಕೊನೆಗೆ ಗಾಡಿ ತರುತ್ತೇನೆ, ಬಟ್ಟೆಬರೆ ಕಟ್ಟಿಕೊಂಡಿರಲಿ ಎಂದು ಹೇಳಿ ಕಳಿಸಿದ.

ಓಚ್ಚಮ್ಮಾಳ್ ಕತ್ತಿಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು, ಹೊಗೆಸೊಪ್ಪು ಹೇರಿದ್ದ ಗಾಡಿಗಳ ಸಾಲಿನೊಂದಿಗೆ ಹೊರಟು, ನಾಲ್ಕನೆಯ ದಿನ ದಿಂಡಿಗಲ್ಲು ಮುಟ್ಟಿದಳು. ಅಯ್ಯನಾರ್ ಐವತ್ತು ದಾಟಿದ, ಎಡಗಣ್ಣು ಕಿಡಿ ಸಿಡಿದು ಮಂಜಾಗಿದ್ದ ಮನುಷ್ಯ. ಅವನದು ತಮಿಳು. ಅವಳೂ ತಮಿಳಿನಲ್ಲೇ ನಡೆದದ್ದನ್ನು ಹೇಳಿದಳು. ಅವನು ಒಂದು ಕತ್ತಿಯನ್ನು ಬಿಚ್ಚಿ ಉಗುರಿನಿಂದ ಮೀಟಿ ಗಟ್ಟಿಯಾಗಿ ನಕ್ಕ.

"ಅಮ್ಮಾ, ಇದಕ್ಕೆ ಏನೂ ಆಗಿಲ್ಲ. ಹುಳಿ ತಾಗಿದರೆ ಉಕ್ಕು ಕಪ್ಪಾಗುತ್ತೆ. ಮಾವಿನಕಾಯಿ ಹೆಚ್ಚಿದರೂ ಆಗುತ್ತೆ, ನಿಂಬೆಹಣ್ಣು ಕುಯ್ದರೂ ಆಗುತ್ತೆ. ನಾನು ಉಜ್ಜಿ ಬೆಳ್ಳಗೆ ಮಾಡಿಕೊಡಬಲ್ಲೆ, ಕೊಂಡವನ ಮನೆಯಲ್ಲಿ ಎರಡೇ ದಿನಕ್ಕೆ ಮತ್ತೆ ಹೀಗೇ."

"ಆದ್ರೆ ಅದು ಆಗಲಿಲ್ಲವಲ್ಲ?" ಎಂದು ಅವಳು ಹಡಗಿನ ಕತ್ತಿಯೊಂದನ್ನು ಮುಂದಿಟ್ಟಳು.

ಅಯ್ಯನಾರ್ ಅರ ತೆಗೆದುಕೊಂಡು ಅಲಗಿನ ಮೇಲೆ ನಾಲ್ಕು ಸಲ ಎಳೆದ. ಹೊಳಪು ತೆಳು ಸಿಪ್ಪೆಯಂತೆ ಎದ್ದು ಬಂತು. ಅದರ ಕೆಳಗೆ ಬೂದು ಬಣ್ಣದ ಮೆದು ಕಬ್ಬಿಣ. "ಮೇಲೆ ಪೂಸಿದ್ದಾರೆ. ಹುಳಿ ತಾಗಿದ್ದು ಪೂಸಿದ್ದಕ್ಕೆ, ಕತ್ತಿಗಲ್ಲ."

"ಹಾಗಾದ್ರೆ ಸಂತೆಯಲ್ಲಿ ಹುಣಸೆ ಹಚ್ಚಿಯೇ ತೋರಿಸ್ತೀನಿ. ಕಪ್ಪಾದದ್ದು ಒಳ್ಳೇದು ಅಂತ."

"ಹಾಗೆ ಹೇಳಬೇಡ. ಎರಡು ಕಾಸಿನ ಮೊಳೆಗೆ ಹುಣಸೆ ಹಚ್ಚಿದರೂ ಕಪ್ಪಾಗುತ್ತೆ. ನಾಳೆ ಯಾವನೋ ಮೊಳೆ ಬಡಿದು ಕತ್ತಿ ಅಂತ ಮಾರ್ತಾನೆ, ನಿನ್ನ ಜನ ಕಪ್ಪು ನೋಡಿ ಕೊಳ್ತಾರೆ." ಅವನು ಕತ್ತಿಯನ್ನು ಮಡಚಿ ನೆಲದ ಮೇಲಿಟ್ಟ. "ನಿಮ್ಮವರು ಕುಡುಗೋಲು ಹೇಗೆ ನೋಡಿ ಕೊಳ್ತಾರೆ?"

ಓಚ್ಚಮ್ಮಾಳ್ ಯೋಚಿಸಿದಳು. ಯಾರೂ ಕುಡುಗೋಲನ್ನು ನೋಡಿ ಕೊಂಡದ್ದೇ ಇಲ್ಲ. ಊರ ಕಮ್ಮಾರ ಆಸಾರಿ ಅದನ್ನು ಬಡಿದು ಕೊಡುತ್ತಾನೆ. ಕೆಟ್ಟರೆ ಅವನ ಮನೆ ಬಾಗಿಲಿಗೆ ಒಯ್ದು ಬೈದು ಸರಿ ಮಾಡಿಸುತ್ತಾರೆ. ವರ್ಷದ ಕೊನೆಗೆ ಕಣದಲ್ಲಿ, ಬತ್ತದ ರಾಶಿ ಅಳೆಯುವಾಗ, ಅವನ ಪಾಲು ಅವನಿಗೆ ಸುರಿಯುತ್ತಾರೆ. ನೇಗಿಲಿನ ಗುಳವೂ ಹಾಗೆ, ಕೊಡಲಿಯೂ ಹಾಗೆ. ಕಬ್ಬಿಣದ ಸಾಮಾನಿಗೆ ಮೊದಲೇ ಕಾಸು ಕೊಟ್ಟು, ಮುಖವಿಲ್ಲದ ಯಾರೋ ಮಾಡಿದ್ದನ್ನು ಕಣ್ಣಿನಿಂದಲೇ ಅಳೆದು ಮನೆಗೆ ಒಯ್ಯುವುದನ್ನು ಅವಳ ಜನ ಈ ಮಡಚುವ ಕತ್ತಿ ಬರುವ ತನಕ ಮಾಡಿಯೇ ಇರಲಿಲ್ಲ. ಹೊಳಪು, ಸದ್ದು, ಮುದ್ರೆ, ವಿಲೆ, ಇವನ್ನೆಲ್ಲ ಅವರು ನೆಚ್ಚಿದ್ದು ಅದಕ್ಕೇ.

ಅವಳು ಕತ್ತಿಗಳನ್ನು ಉಜ್ಜಿಸಲಿಲ್ಲ. ಸಾಣೆ ಮಾತ್ರ ಹಿಡಿಸಿಕೊಂಡು ತಿರುಗಿ ಬಂದಳು.

ಮೊದಲು ಊರ ಆಸಾರಿಯ ಕುಲುಮೆಗೆ ಹೋಗಿ ಮಾತಾಡಿದಳು. ಕಣದಲ್ಲಿ ತಾನೂ ನಿಲ್ಲುವುದರಿಂದ ಅವನ ಪಾಲು ಒಂದು ಪಡಿಯೂ ಕಡಿಮೆಯಾಗದು, ಈ ಕತ್ತಿಗಳಿಗೆ ಸಾಣೆ ಹಿಡಿಯುವ ಕೆಲಸವೂ ಅವನಿಗೇ ಬರುತ್ತದೆ ಎಂದಳು. ಅವನು ಗೊಣಗಿದ, ಬೇಡವೆನ್ನಲಿಲ್ಲ. ಆಮೇಲೆ ಸಂತೆಯಲ್ಲಿ ಕೂತು ಹೇಳತೊಡಗಿದಳು:

"ಕಾಸು ಬೇಡ. ತಗೊಂಡು ಹೋಗಿ, ಸುಗ್ಗಿ ತನಕ ಇಟ್ಕೊಳ್ಳಿ. ಕೆಟ್ರೆ ನನ್ ಚಾಪೆ ಮೇಲೆ ಎಸೀರಿ. ಕೆಡಲಿಲ್ಲ ಅಂದ್ರೆ ಕಣದಲ್ಲಿ ಎಂಟು ಪಡಿ ಬತ್ತ."

"ಈ ಕರಿ ಕತ್ತಿಗಾ ಎಂಟು ಪಡಿ?"

"ಎಸೆದುಬಿಡ್ರಿ ಅಂದ್ನಲ್ಲ. ಎಸೆಯೋಕೆ ಕೈ ಬಂದ್ರೆ."

ಮೊದಲು ತೆಗೆದುಕೊಂಡವರು ಹೆಂಗಸರು. ಅಡುಗೆಮನೆಯ ಈಳಿಗೆಮಣೆ ಕಪ್ಪಾಗಿಯೇ ಇರುವುದನ್ನು ದಿನಾ ನೋಡುವವರಿಗೆ ಕಪ್ಪು ಅಲಗು ಅಷ್ಟು ದೊಡ್ಡ ವಿಷಯವಾಗಿರಲಿಲ್ಲ. ಅವರ ಕತ್ತಿಗಳು ಮೆಲ್ಲಗೆ ಗಂಡಸರ ಸೊಂಟಕ್ಕೆ ಹೋದವು. ಒಂದೇ ತಿಂಗಳಲ್ಲಿ ಮೂವತ್ತನಾಲ್ಕೂ ಹೋಗಿ ಮುಗಿದವು. ಹಡಗಿನ ಕತ್ತಿಗಳಿಗೆ, ಒಳಗೆ ಮೆದು ಕಬ್ಬಿಣ ಎಂದು ನಿಜ ಹೇಳಿ, ನಾಲ್ಕಾಣೆಗೆ ಇಳಿಸಿದಳು. ಹತ್ತಾಣೆಗೆ ಹೋಗುತ್ತಿದ್ದದ್ದನ್ನು ನಾಲ್ಕಾಣೆಗೆ ಒಬ್ಬರೂ ಮುಟ್ಟಲಿಲ್ಲ. ಅರ ಎಳೆದದ್ದೂ ಸೇರಿ ಆರೂ ಪೆಟ್ಟಿಗೆಯಲ್ಲೇ ಉಳಿದವು.

ಕಾರ್ತಿಕದಲ್ಲಿ ಒಂದು ದಿನ ಗೋವಿಂದನ್ ಚಾಪೆಯ ಹತ್ತಿರ ಬಂದು, ಅತ್ತಿತ್ತ ನೋಡಿ, "ನಮ್ ದನ ಕಾಯೋನಿಗೆ ಒಂದು ಬೇಕಂತೆ," ಎಂದು ಹೇಳಿ ಒಂದು ಕರಿ ಕತ್ತಿಯನ್ನು ಎತ್ತಿ ಮಡಿಲಿಗೆ ಸೇರಿಸಿಕೊಂಡು ಹೋದ. ಅವನ ಹಡಗಿನ ಕತ್ತಿ ಏನಾಯಿತು ಎಂದು ಅವಳು ಕೇಳಲಿಲ್ಲ.

ಮಾರ್ಗಳಿಯ ಕೊನೆಯ ವಾರ ಕಣಗಳು ತುಂಬಿದವು. ಊರಿನ ದೊಡ್ಡ ಕಣದಲ್ಲಿ ಮೊದಲು ಅಳೆಯುವುದು ಗೋವಿಂದನ ರಾಶಿ. ಅವನು ಯಾರಿಗೆ ಏನು ಕೊಟ್ಟನೋ ಅದನ್ನು ನೋಡಿಯೇ ಉಳಿದವರು ಕೊಡುವುದು. ಗಂಡನಿಲ್ಲದವರು ರಾಶಿಪೂಜೆ ಮುಗಿಯುವ ತನಕ ಕಣಕ್ಕೆ ಕಾಲಿಡುವಂತಿರಲಿಲ್ಲ. ಓಚ್ಚಮ್ಮಾಳ್ ಹುಲ್ಲಿನ ಬಣವೆಯ ಆಚೆ ಕಾದಿದ್ದು, ಪೂಜೆಯಾದ ಮೇಲೆ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಅವಳ ಮುಂದೆ ಆಸಾರಿ, ಬಡಗಿ, ಅಗಸ, ಕ್ಷೌರಿಕ, ಕಾಲುವೆ ನೀರು ತಿರುಗಿಸುವವನು. ಒಕ್ಕಲು ಕುಲದ ಹೆಣ್ಣೊಬ್ಬಳು ಆ ಸಾಲಿನಲ್ಲಿ ನಿಂತದ್ದನ್ನು ಊರು ಅದೇ ಮೊದಲು ಕಂಡಿತು.

ಕಾಮರಾಜ್ ಆ ಬೆಳಿಗ್ಗೆಯೇ ಗಾಡಿಯೊಂದಿಗೆ ಬಂದಿದ್ದ. ತಂಗಿ ಮನೆಯಲ್ಲಿ ಇಲ್ಲವೆಂದು ಕಣಕ್ಕೆ ಬಂದವನು ಅವಳನ್ನು ಕಂಡು ಮುಖ ಕೆಂಪಗೆ ಮಾಡಿಕೊಂಡ.

"ಮೊರ ಹಿಡ್ಕೊಂಡು ಪಾಲಿಗೆ ನಿಲ್ತೀಯಾ? ಅಪ್ಪ ಇದ್ದಿದ್ರೆ ಏನಂತಿದ್ರು? ಬಾ ಈ ಕಡೆ."

"ಬೇಡಿ ತಗೊಳ್ಳೋಕೆ ನಿಂತಿಲ್ಲೆ ಅಣ್ಣ. ಕೊಟ್ಟದ್ದಕ್ಕೆ ನಿಂತೀನಿ."

"ಕೊಟ್ಟದ್ದಕ್ಕೆ ಸಂತೇಲಿ ಕಾಸು ತಗೋಬೇಕಿತ್ತು."

"ಕಾಸಿಗೆ ಹೊಳೆಯೋದು ಬೇಕು ಅಂತಾರೆ. ನನ್ ಹತ್ರ ಹೊಳೆಯೋದು ಇರಲಿಲ್ಲೆ."

ಸಾಲು ಮುಂದೆ ಸರಿಯಿತು. ಆಸಾರಿಗೆ ಅಳೆದರು, ಬಡಗಿಗೆ ಅಳೆದರು. ಓಚ್ಚಮ್ಮಾಳ್ ಮುಂದೆ ಬಂದಾಗ ಗೋವಿಂದನ್ ಅಳೆಯುವ ಪಡಿಯನ್ನು ರಾಶಿಯ ಮೇಲೆ ಬೋರಲು ಹಾಕಿದ.

"ಸೊಸೆ, ನಿನಗೆ ಅಳೆದ್ರೆ ನಮ್ ಕುಲದವಳಿಗೆ ಕೂಲಿಪಾಲು ಅಳೆದ ಹಾಗಾಯ್ತು. ಅದು ನನ್ ಕೈಲಿ ಆಗೋದಿಲ್ಲೆ. ಮನೆಗೆ ಹೋಗು, ನಾಕು ಪಡಿ ಸುಮ್ನೆ ಕಳಿಸ್ತೀನಿ."

ಅವನು ಸುಮ್ಮನೆ ಕಳಿಸಿದರೆ ಉಳಿದವರೂ ಸುಮ್ಮನೆ ಕಳಿಸುವರು, ಇಲ್ಲವೇ ಕಳಿಸದೆ ಇರುವರು. ಕನಿಕರದ ಕಾಳಿನಿಂದ ಗಡುವು ತೀರುವಂತಿರಲಿಲ್ಲ. ಹಿಂದೆ ಅಣ್ಣ ನಿಂತಿರುವುದು ಓಚ್ಚಮ್ಮಾಳಿಗೆ ಗೊತ್ತಿತ್ತು, ಅವನ ಗಾಡಿಯ ಎತ್ತಿನ ಗಂಟೆಯೂ ಕೇಳುತ್ತಿತ್ತು.

"ಸುಮ್ನೆ ಬೇಡ ಮಾವ," ಅಂದಳು. "ಅಳೆಯೋಕಾಗ್ದಿದ್ರೆ ಕತ್ತಿ ಕೊಟ್ಬಿಡಿ. ಮಾತು ಹಾಗೇ ಇತ್ತಲ್ಲ."

"ಯಾವ ಕತ್ತಿ? ದನ ಕಾಯೋನ ಹತ್ರ ಐತೆ ಅದು."

ದನ ಕಾಯುವ ಸೇಕರ್ ಬಣವೆಯ ಮೇಲೆ ಕೂತಿದ್ದ. ಅವನು ಅಲ್ಲಿಂದಲೇ, "ನನ್ ಹತ್ರ ಎಲ್ಲಿ ಐತೆ ಗೌಂಡ್ರೆ? ಬೆಳಿಗ್ಗೆ ಅದ್ರಲ್ಲೇ ತಾನೆ ನೀವು ಅಡಿಕೆ ಚೂರು ಮಾಡಿ ನಂಗೂ ಕೊಟ್ರಿ!" ಎಂದು ಕೂಗಿದ.

ಮೊದಲು ಆಸಾರಿ ನಕ್ಕ, ಆಮೇಲೆ ಕಣವೆಲ್ಲ. ಗೋವಿಂದನ್ ಸೊಂಟದ ಮಡಿಲಿನಿಂದ ಕತ್ತಿ ತೆಗೆದ. ಒಂದೂವರೆ ತಿಂಗಳಲ್ಲಿ ಅದರ ಕೊಂಬಿನ ಹಿಡಿ ಅವನ ಅಂಗೈಯ ಎಣ್ಣೆ ಕುಡಿದು ನುಣುಪಾಗಿತ್ತು. ಅದನ್ನು ನೆಲದ ಮೇಲೆ ಇಡಲು ಬಗ್ಗಿದ, ಇಡಲಿಲ್ಲ. ಬಿಚ್ಚಿ ಹೆಬ್ಬೆರಳನ್ನು ಅಲಗಿನ ಮೇಲೆ ಆಡಿಸಿದ. ಮಡಚಿದ.

"ಇದನ್ನ ಕೊಟ್ಟು ನಾಳೆ ಹೊಗೆಸೊಪ್ಪಿನ ದಂಟು ಹಲ್ಲಿನಿಂದ ಕಡೀಲಾ?" ಎಂದು ಯಾರಿಗೆಂದಿಲ್ಲದೆ ಕೇಳಿ, ಕತ್ತಿಯನ್ನು ಮತ್ತೆ ಮಡಿಲಿಗೆ ಸೇರಿಸಿಕೊಂಡ. ಬೋರಲಾಗಿದ್ದ ಪಡಿಯನ್ನು ನೆಟ್ಟಗೆ ಮಾಡಿ, "ಹಿಡಿ ಮೊರ," ಅಂದ. ಎಂಟು ಅಳೆದ. ಹೆಚ್ಚಿಗೆ ಒಂದು ಹಿಡಿಯೂ ಹಾಕಲಿಲ್ಲ. ಹಾಕದಿದ್ದದ್ದೇ ಅವಳಿಗೆ ಬೇಕಿತ್ತು.

ಆ ವಾರವೆಲ್ಲ ಅವಳು ಕಣದಿಂದ ಕಣಕ್ಕೆ ಹೋದಳು. ಇಪ್ಪತ್ತೊಂಬತ್ತು ಮನೆಯವರು ಬತ್ತ ಅಳೆದರು. ಮೂವರು ಕತ್ತಿಯನ್ನೇ ತಿರುಗಿ ಕೊಟ್ಟರು, ಅವನ್ನು ಬೇರೆ ಮನೆಯವರು ಮುಂದಿನ ಸುಗ್ಗಿಯ ಮಾತಿನ ಮೇಲೆ ಅಲ್ಲೇ ಎತ್ತಿಕೊಂಡರು. ಇಬ್ಬರು ಅಣೆಕಟ್ಟೆಯ ಕೂಲಿಗೆ ಬೆಟ್ಟ ಹತ್ತಿದವರು, ಬರಲೇ ಇಲ್ಲ. ಇನ್ನೂರ ಮೂವತ್ತೆರಡು ಪಡಿ ಬತ್ತ ಇಬ್ಬರು ಹೆಂಗಸರಿಗೆ ವರ್ಷಕ್ಕೆ ಬಿಗಿಯಾಗಿ ಸಾಕಾಗುವಷ್ಟು. ಅದನ್ನು ಮನೆಗೆ ತಂದದ್ದು ಕಾಮರಾಜನ ಗಾಡಿಯಲ್ಲಿ. ಎತ್ತು ಸುಮ್ಮನೆ ನಿಲ್ಲಬಾರದು ಎಂದು ಅವನು ಹೇಳಿಕೊಂಡ.

ಬತ್ತ ಸುರಿದಾದ ಮೇಲೆ ಅವನು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ.

"ಖಾಲಿಯಾಗಬೇಕು ಅಂದಿದ್ದು. ಬಿಳೀದು ಆರು ಹಾಗೇ ಐತಲ್ಲ ತಂಗಚ್ಚಿ?"

"ಅವನ್ನ ಯಾರಿಗೆ ಕೊಡಲಿ? ಕೊಟ್ರೆ ಮುಂದಿನ ಸುಗ್ಗಿಗೆ ಅವರ ಕಣದಲ್ಲಿ ಹೇಗೆ ನಿಲ್ಲಲಿ?"

"ಗೋವಿಂದ ಮಾವ ಒಪ್ಪಬೇಕಲ್ಲ."

"ಅವರ ಮನೇಲಿ ಇಂಥದು ಒಂದು ಐತೆ. ಕೇಳು ಹೋಗಿ, ಒಪ್ತಾರೆ," ಅಂದಳು ತಂಗಮ್ಮಾಳ್ ಮೂಲೆಯಿಂದ.

ಕಾಮರಾಜ್ ಕೇಳಲು ಹೋಗಲಿಲ್ಲ. ಪೊಂಗಲಿನ ಮಾರನೆಯ ದಿನ ಗಾಡಿ ಕಟ್ಟಿದಾಗ ಓಚ್ಚಮ್ಮಾಳ್ ಬಾಗಿಲಲ್ಲಿ ನಿಂತು, "ದಿಂಡಿಗಲ್ಲ ಮೇಲೆ ತಾನೆ ಹೋಗೋದು?" ಎಂದು ಕೇಳಿದಳು.

"ಹೂಂ."

"ಬೀಗದ ಬೀದೀಲಿ ಅಯ್ಯನಾರ್ ಅಂತ ಇದ್ದಾರೆ. ಎರಡು ಡಜನ್ ಬೇಕು ಅಂತ ಹೇಳು. ಇವನ್ನೂ ಕೊಟ್ಟುಬಿಡು, ಕಬ್ಬಿಣಕ್ಕಾದ್ರೂ ಆಗುತ್ತೆ." ಅವಳು ಹಡಗಿನ ಆರು ಕತ್ತಿಗಳ ಗಂಟನ್ನೂ ಎರಡು ಮೂಟೆ ಬತ್ತವನ್ನೂ ಗಾಡಿಯ ಹಿಂಬದಿಯಲ್ಲಿಟ್ಟಳು. "ಬತ್ತ ಮಾರಿ ಅವರಿಗೆ ಮುಂಗಡ ಕೊಡು."

"ತಿನ್ನೋ ಬತ್ತ ತಂಗಚ್ಚಿ ಇದು!"

"ಎರಡು ತಿಂಗಳು ರಾಗಿ ತಿಂತೀವಿ."

ಕಾಮರಾಜ್ ನೊಗದ ಹಗ್ಗ ಬಿಗಿದ. ಗಾಡಿ ತಿರುಗಿಸುತ್ತಾ, "ಬೆಳ್ಳಗಿರೋದೇ ಕೊಡು ಅನ್ನಲಾ, ಇಲ್ಲಾ ಕರೀ ಮಾಡಿ ಕೊಡು ಅನ್ನಲಾ?" ಎಂದು ಕೇಳಿದ. ಅವನ ಮುಖದಲ್ಲಿ ನಗು ಇರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯದೆ ಕೇಳಿದ್ದು.

"ಹೇಗಾದ್ರೂ ಇರಲಿ," ಅಂದಳು ಓಚ್ಚಮ್ಮಾಳ್. "ಕೆಟ್ರೆ ವಾಪಸ್ ತಗೋತೀರಾ ಅಂತ ಕೇಳು. ಹೂಂ ಅಂದ್ರೆ ಮಾತ್ರ ಬತ್ತದ ಕಾಸು ಕೊಡು."